ಫೋನು ಕೆಲಸಕ್ಕೆ ಹೊರಡುವ ಮೊದಲು

ಶನಿವಾರ, ಬೆಳಗಿನ ಜಾವ ನಾಲ್ಕು ಐವತ್ತು. ಮುಲುಂಡಿನ ಹಳೇ ಬಿಲ್ಡಿಂಗೊಂದರ ಎರಡನೇ ಮಹಡಿಯಲ್ಲಿ ಸೇವಂತಿ ಟೀಚರು ಕಬ್ಬಿಣದ ಕಪಾಟಿನ ಎರಡೂ ಬಾಗಿಲು ತೆರೆದು, ನೇತುಹಾಕಿದ ಸೀರೆಗಳ ನಡುವೆ ತಲೆ ತೂರಿಸಿ ಕೂತಿದ್ದಾರೆ. ಕೈಯಲ್ಲಿ ರೆಕಾರ್ಡಿಂಗಿಗೆ ಫೋನು. ಗಂಡ ಸೀನ ಪೂಜಾರಿ ಸದ್ದಾಗದಂತೆ ಫ್ಯಾನು ಆರಿಸಿ ಸ್ವಿಚ್ಚಿನ ಹತ್ತಿರ ನಿಂತಿದ್ದಾರೆ. ನನಗೆ ಕೆಮ್ಮಬಾರದೆಂಬ ಅಪ್ಪಣೆಯಾಗಿದೆ. ಅಪ್ಪಣೆಯಾದ ಗಳಿಗೆಯಿಂದ ಗಂಟಲು ಕೆರೆಯುತ್ತಿದೆ.

"ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಪಾತ್ರೆ ಬಿಸಿಯಾಗುವುದು ಯಾಕೆ?" ಎಂದು ಸೀರೆಗಳೊಳಗಿಂದ ಟೀಚರ ದನಿ ಏಳುತ್ತದೆ. ಐದೂ ಹತ್ತಕ್ಕೆ ಬಿಲ್ಡಿಂಗಿನ ನೀರಿನ ಮೋಟಾರು ಶುರುವಾಗುತ್ತದೆ. ಅಷ್ಟರೊಳಗೆ ಏಳು ನಿಮಿಷದ ಪಾಠ ಮುಗಿಯಬೇಕು. ಐದೂವರೆಗೆ ಅದು ಮೂವತ್ತೆಂಟು ಮಕ್ಕಳ ಮನೆ ಮುಟ್ಟಬೇಕು. ಯಾಕೆಂದರೆ ಆ ಮನೆಗಳಲ್ಲಿ ಇರುವುದು ಒಂದೊಂದೇ ಫೋನು. ಆರೂಕಾಲಿಗೆ ಆ ಫೋನು ಅಪ್ಪನ ಜೇಬು ಸೇರಿ ಕೆಲಸಕ್ಕೆ ಹೊರಟುಬಿಡುತ್ತದೆ. ಆಮೇಲೆ ಪಾಠ ಬಂದರೂ ಅದನ್ನು ಕೇಳುವುದು ಸಿಮೆಂಟಿನ ಚೀಲಗಳು ಮಾತ್ರ.

ನಾನು ಇಲ್ಲಿಗೆ ಬಂದದ್ದು ಪಾಡ್‌ಕಾಸ್ಟ್ ಮಾಡುವ ಟೀಚರ ಬಗ್ಗೆ ಒಂದು ಸುಖವಾದ ಲೇಖನ ಬರೆಯಲು. ಆದರೆ ಈ ಮನೆಯಲ್ಲಿ ಇವತ್ತು ಸುಖವಿಲ್ಲ. ಪಾಠ ಮುಗಿಸಿ ಹೊರಬಂದ ಟೀಚರ ಮುಖ ಬಾಡಿದೆ. ಫೋನಿನಲ್ಲಿ ಒಂದು ಹಾಳೆ ತೆರೆದು ತೋರಿಸುತ್ತಾರೆ. ಮಕ್ಕಳೆಲ್ಲರೂ ತಂತಮ್ಮ ಕಡೆಯಿಂದಲೇ ಬರೆಯಬಹುದಾದ ಆನ್‌ಲೈನ್ ಹಾಳೆ ಅದು. ಹೆಸರು, ಪಾಠ ಕೇಳಿದೆಯೋ ಇಲ್ಲವೋ, ಏನು ಅರ್ಥವಾಗಲಿಲ್ಲ ಎಂದು ಮೂರು ಕಾಲಮು. ಹದಿನೇಳನೇ ಸಾಲು ಖಾಲಿ.

"ಇಲ್ಲಿ ಶೈಲಾ ಅಂತ ಇತ್ತು. ಗುರುವಾರ ಬೆಳಿಗ್ಗೆ ನೋಡ್ತೇನೆ, ಇಲ್ಲ. ಪಾಠ ಕಳಿಸುವ ವಾಟ್ಸಾಪ್ ಗ್ರೂಪಿನಿಂದಲೂ ಅವಳ ಅಪ್ಪ ಹೋಗಿದ್ದಾರೆ. ಫೋನ್ ಮಾಡಿದ್ರೆ ಸ್ವಿಚ್ ಆಫ್. ಸೋಮವಾರ ಹನ್ನೊಂದಕ್ಕೆ ವಿಜ್ಞಾನದ ಪ್ರಾಕ್ಟಿಕಲ್ ಉಂಟು ಮಾರಾಯ್ರೆ. ಇಪ್ಪತ್ತು ಅಂಕ. ತಪ್ಪಿದ್ರೆ ಇನ್ನೊಂದು ಸಲ ಇಡುದಿಲ್ಲ."

ಹತ್ತನೇ ತರಗತಿಯವರಿಗೆ ಈಗ ಓದಿನ ರಜೆ. ಶಾಲೆಗೂ ಮಕ್ಕಳಿಗೂ ನಡುವೆ ಇರುವ ದಾರ ಇದೊಂದೇ. ಪ್ರಾಕ್ಟಿಕಲ್‌ನ ದಿನ ತಿಳಿಸಿದ್ದೂ ಗುರುವಾರದ ಪಾಠದಲ್ಲೇ. ಆ ಹೊತ್ತಿಗೆ ಹುಡುಗಿಯ ಹೆಸರೇ ಇರಲಿಲ್ಲ. ಯಾರು ಅಳಿಸಿದರೆಂದು ಹಾಳೆ ಬಾಯಿ ಬಿಡುವುದಿಲ್ಲ. ಶುಕ್ರವಾರ ಆಂಟಾಪ್ ಹಿಲ್‌ನ ಅವಳ ಖೋಲಿಗೆ ಹೋದರೆ ಬಾಗಿಲಿಗೆ ಬೀಗ. ಬುಧವಾರವೇ ಸಾಮಾನು ಕಟ್ಟಿಕೊಂಡು ಹೋದರು ಎಂದಷ್ಟೇ ಪಕ್ಕದವರು ಹೇಳಿದ್ದಾರೆ.

"ಹೋದ ವರ್ಷ ಒಂದು ಹೆಸರು ಹೀಗೇ ಹೋಯ್ತು. ಹುಡುಕ್ಕೊಂಡು ಹೋದ್ರೆ ಮದುವೆ ಮುಗಿದಿತ್ತು," ಎನ್ನುತ್ತಾರೆ ಟೀಚರು. ಸೀನ ಪೂಜಾರಿ ಚಾ ತಂದಿಡುತ್ತಾರೆ.

ಕಾರ್ಕಳದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದ ಸೇವಂತಿಯವರಿಗೆ ಈಗ ಐವತ್ತೆರಡು. ಸೀನ ಪೂಜಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಇವರು ಆಂಟಾಪ್ ಹಿಲ್‌ನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗುತ್ತಿಗೆ ಶಿಕ್ಷಕಿ. ಪ್ರತಿ ಜೂನಿನಲ್ಲೂ ಹೊಸ ಕಾಗದಕ್ಕೆ ಸಹಿ ಹಾಕಿ ಹೊಸಬರಾಗುತ್ತಾರೆ. ಮಕ್ಕಳಲ್ಲಿ ಬಹುಪಾಲು ವಿಜಯಪುರ, ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳು. ಸೈಟು ಬದಲಾದರೆ ಮನೆ ಬದಲು, ಮನೆ ಬದಲಾದರೆ ಶಾಲೆ ಬಂದ್. ಪಾಠವೇ ಅವರ ಬೆನ್ನು ಹತ್ತಿ ಹೋಗಲಿ ಎಂದು ಮೂರು ವರ್ಷದ ಹಿಂದೆ ಟೀಚರು ರೆಕಾರ್ಡಿಂಗ್ ಶುರು ಮಾಡಿದರು.

ಮೊದಲ ಪಾಠ ಇಪ್ಪತ್ತೆರಡು ನಿಮಿಷದ್ದು, ಅಚ್ಚ ಪುಸ್ತಕದ ಕನ್ನಡದಲ್ಲಿ. ಕೇಳಿದವರು ಇಬ್ಬರು. ಅದರಲ್ಲೊಬ್ಬರು ಸೀನ ಪೂಜಾರಿ. "ಟೀಚರ್, ನೀವು ಹೋಟೆಲ್ ಮಾಲಕರ ಹಂಗ ಮಾತಾಡ್ತೀರಿ," ಎಂದು ಒಂದು ಮಗು ಹಾಳೆಯಲ್ಲಿ ಬರೆದೇಬಿಟ್ಟಿತು. ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಇವರು ಶಾಲೆಯ ಆಯಾ, ಸಿಂದಗಿಯ ನಾಗರತ್ನಾಳನ್ನು ಪಾಠಕ್ಕೆ ಸೇರಿಸಿಕೊಂಡರು. ಈಗ ಪ್ರತಿ ಪಾಠದಲ್ಲೂ ನಾಗರತ್ನಾ ಮಕ್ಕಳ ಪರವಾಗಿ, ಅವರದೇ ಮಾತಿನಲ್ಲಿ ಅಡ್ಡ ಪ್ರಶ್ನೆ ಕೇಳುತ್ತಾಳೆ; ತನ್ನ ದನಿಯನ್ನು ಹಿಂದಿನ ರಾತ್ರಿಯೇ ಫೋನಿನಲ್ಲಿ ಕಳಿಸಿರುತ್ತಾಳೆ. ಏಳು ನಿಮಿಷದ ಲೆಕ್ಕವನ್ನೂ ಮಕ್ಕಳೇ ಹೇಳಿಕೊಟ್ಟರು. ಅಪ್ಪ ಹಲ್ಲುಜ್ಜಿ ಚಾ ಕುಡಿಯುವ ಹೊತ್ತಿನಲ್ಲಿ ಫೋನು ಅವರ ಕೈಗೆ ಸಿಗುವುದು ಅಷ್ಟೇ.

"ನಾಳೆಯ ಪಾಠ ನಾನು ಯೋಚನೆ ಮಾಡುದಲ್ಲ. ಅರ್ಥ ಆಗ್ಲಿಲ್ಲ ಅಂತ ಅವರು ಬರೀತಾರಲ್ಲ, ಅದೇ ನಾಳೆಯ ಪಾಠ," ಎನ್ನುತ್ತಾರೆ. ಹೀಗೆ ಆರುನೂರ ಹನ್ನೆರಡು ಪಾಠಗಳಾಗಿವೆ. ಹಾಳೆಗೆ ಬೀಗ ಹಾಕಿ, ನೀವೊಬ್ಬರೇ ಬರೆಯುವ ಹಾಗೆ ಮಾಡಿ ಎಂದು ಶಾಲೆಯ ಕಂಪ್ಯೂಟರ್ ಸರ್ ಶ್ರೀಮಂತ ಎಷ್ಟೋ ಸಲ ಹೇಳಿದ್ದರು. ಟೀಚರು ಕೇಳಲಿಲ್ಲ. ನಿನ್ನೆ ಸಂಜೆ ಮಾತ್ರ ಬೀಗ ಹಾಕಲು ಒಪ್ಪಿದ್ದಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಅವರೇ ನಗಲು ನೋಡುತ್ತಾರೆ, ನಗು ಬರುವುದಿಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಪ್ರಯತ್ನ ಬಾಕಿಯಿದೆ.

ಇವತ್ತಿನ ಪಾಠದ ಕೊನೆಗೆ ನಾಗರತ್ನಾಳ ದನಿ ಸೇರಿಸಿದ್ದಾರೆ. ಟೀಚರು ಅದನ್ನು ನನಗೂ ಕೇಳಿಸುತ್ತಾರೆ: "ಮಕ್ಳ, ನಮ್ಮ ಶೈಲಾ ಎಲ್ಲಿ ಹೋಗ್ಯಾಳ ಗೊತ್ತಿಲ್ಲ. ಅಕಿ ಅಪ್ಪ ಭೀಮರಾಯ ಗೌಂಡಿ ಯಾವ ಸೈಟಿಗೆ ಹೋಗ್ಯಾನ ಅಂತ ನಿಮ್ಮಪ್ಪಗೋಳಿಗೆ ಕೇಳ್ರಿ. ಫೋನ್ ಕೊಡೂಕಿಂತ ಮೊದಲ ಹಾಳಿಯೊಳಗ ಬರೀರಿ."

ಐದೂ ಇಪ್ಪತ್ತೆಂಟಕ್ಕೆ ಪಾಠ ಹೊರಡುತ್ತದೆ. ನಾವು ಮೂವರೂ ಹದಿನೇಳನೇ ಸಾಲನ್ನೇ ನೋಡುತ್ತ ಕೂರುತ್ತೇವೆ. ಐದೂ ಐವತ್ತು, ಏನಿಲ್ಲ. ಆರು, ಏನಿಲ್ಲ. ಒಂದೊಂದೇ ಹೆಸರಿನ ಮುಂದೆ 'ಕೇಳಿದೆ' ಎಂಬ ಗುರುತು ಬೀಳುತ್ತಿದೆ, ಅಷ್ಟೇ. ಆರೂ ಹನ್ನೊಂದಕ್ಕೆ ಯಾರೋ ಬರೆಯುತ್ತಾರೆ: 'ಬೊರಿವಲಿ ಅಂತ ಅಪ್ಪ.' ಅದರ ಕೆಳಗೆ ಇನ್ನೊಬ್ಬರು: 'ಈಸ್ಟ್. ಹೈವೇ ಬಾಜು. ನೀಲಿ ಪತ್ರಾ.' ಪತ್ರಾ ಎಂದರೆ ತಗಡಿನ ಬೇಲಿ. ಆರೂ ಹದಿನಾಲ್ಕಕ್ಕೆ ಮೂರನೆಯದು: 'ವಾಚ್‌ಮನ್ ಅಣವೀರಪ್ಪ ನಮ್ಮ ಮಾವ. ಅವರ ಹೆಸರು ಹೇಳ್ರಿ, ಒಳಗ ಬಿಡ್ತಾರ.' ಆರೂಕಾಲು ದಾಟಿದ ಮೇಲೆ ಹಾಳೆ ಸ್ತಬ್ಧ. ಫೋನುಗಳೆಲ್ಲ ಕೆಲಸಕ್ಕೆ ಹೋದವು. ಟೀಚರು ಆಗಲೇ ಚಪ್ಪಲಿ ಮೆಟ್ಟಿದ್ದಾರೆ.

ದಾದರಿನಲ್ಲಿ ಇಳಿದು, ಬ್ರಿಜ್ ಹತ್ತಿ, ವೆಸ್ಟರ್ನ್ ಲೈನಿನ ಲೋಕಲ್ ಹಿಡಿದು ಬೊರಿವಲಿ ಮುಟ್ಟುವವರೆಗೂ ಟೀಚರಿಗೆ ಇದೊಂದೇ ಕೆಲಸ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಮದುವೆ ಎಂಬ ಮಾತು ನಮ್ಮಿಬ್ಬರ ತಲೆಯಲ್ಲೂ ಇದೆ, ಆಡಲು ಧೈರ್ಯವಿಲ್ಲ. ರಿಕ್ಷಾದವನಿಗೆ ನೀಲಿ ಪತ್ರಾದ ಸೈಟು ಎಂದರೆ, ಹೈವೇ ಬದಿಯಲ್ಲಿ ಅಂಥವು ನಾಲ್ಕಿವೆ ಎನ್ನುತ್ತಾನೆ. ಎರಡು ಗೇಟಿನಲ್ಲಿ ಇಲ್ಲವೆಂದರು. ಮೂರನೆಯದರಲ್ಲಿ ಅಣವೀರಪ್ಪನ ಹೆಸರು ಹೇಳುತ್ತಲೂ ಬಾಗಿಲು ತೆರೆಯಿತು.

ತಗಡಿನ ಶೆಡ್ಡುಗಳ ಸಾಲಿನಲ್ಲಿ ಕೊನೆಯದರ ಮುಂದೆ ಒಂದು ಹುಡುಗಿ ಇಟ್ಟಂಗಿಯ ಮೇಲೆ ಕೂತು ಪುಸ್ತಕ ಓದುತ್ತಿದ್ದಾಳೆ. ಕೊರಳು ಬರಿದು, ಕೈಯಲ್ಲಿ ಹಸಿರು ಬಳೆಯಿಲ್ಲ. ಟೀಚರು ಮೊದಲು ನೋಡಿದ್ದು ಅದನ್ನೇ. ನಾನೂ.

"ಟೀಚರ್!" ಎಂದು ಶೈಲಾ ಓಡಿ ಬರುತ್ತಾಳೆ. ಅವಳಿಗೆ ಸಂತೋಷವೋ ಸಂತೋಷ. ಇವರು ಮೂರು ದಿನ ಊಟ ಬಿಟ್ಟದ್ದು ಅವಳಿಗೇನು ಗೊತ್ತು?

ಕಟ್ಟಡದಿಂದ ಇಳಿದು ಬಂದ ಭೀಮರಾಯರಿಗೆ ಮೊಣಕೈವರೆಗೂ ಸಿಮೆಂಟು. ಟೀಚರು ನೇರ ಕೇಳುತ್ತಾರೆ. "ಹೆಸರು ಯಾಕೆ ಅಳಿಸಿದ್ರಿ ಭೀಮರಾಯರೇ? ಒಂದು ಮಾತು ಹೇಳ್ಬಾರ್ದಾ?"

ಅವರಿಗೆ ನಿಜಕ್ಕೂ ಅರ್ಥವಾಗುವುದಿಲ್ಲ. "ಹೇಳೇ ಬಂದೀನಲ್ರಿ ಅಕ್ಕೋರ. ಸೈಟ್ ಬಿಟ್ಟು ಹೋಗೂ ಮುಂದ ಹಾಜರಿ ಪಟ್ಟಿಯೊಳಗಿನ ಹೆಸರು ನಾವಽ ಹೊಡದು ಬರಬೇಕ್ರಿ. ಹೆಸರು ಇಟ್ಟು ಓಡಿ ಹೋದ್ರ ಅದು ಕಳ್ಳರ ಕೆಲಸ. ನಿಮ್ಮ ಹಾಳಿಯೊಳಗೂ ಹಂಗಽ ಮಾಡೀನಿ. ಗ್ರೂಪಿನ್ಯಾಗೂ ಸುಮ್ನ ಯಾಕ ಜಾಗಾ ಹಿಡೀಬೇಕು ಅಂತ ಬಿಟ್ಟೆ."

ಹಳೇ ಸಿಮ್ಮಿಗೆ ಇಲ್ಲಿ ರೇಂಜಿಲ್ಲವೆಂದು ಅಣವೀರಪ್ಪ ಹೊಸ ಸಿಮ್ ಕೊಡಿಸಿದ್ದಾನೆ. ಪರೀಕ್ಷೆ ಮಾರ್ಚಿಗೆ, ಆಗ ಕರೆದುಕೊಂಡು ಬಂದರಾಯಿತು ಎಂದು ಅಪ್ಪ ಮಗಳು ಇಬ್ಬರೂ ನಿಶ್ಚಿಂತೆಯಾಗಿದ್ದಾರೆ. ಸೋಮವಾರದ ವಿಷಯ ಕೇಳಿದ ಶೈಲಾಳ ಮುಖ ಬಿಳಿಚಿಕೊಂಡಿತು. ಮರ್ಯಾದೆಯಿಂದ ಮಾಡಿದ ಕೆಲಸ ಮಗಳ ಒಂದು ವರ್ಷ ನುಂಗುವುದರಲ್ಲಿತ್ತು ಎಂದು ಭೀಮರಾಯರಿಗೆ ಆಗ ತಿಳಿಯಿತು.

"ಸೋಮವಾರ ರಜಾ ಹಾಕಿ ನಾನಽ ಕರಕೊಂಡು ಬರ್ತೀನ್ರಿ. ಹೆಸರು ಮತ್ತ ಹಾಕಬೇಕಲ್ರಿ?"

"ನಾನು ಹಾಕ್ತೇನೆ, ಬಿಡಿ."

"ಬ್ಯಾಡ್ರಿ. ಹೊಡದವನಽ ಬರೀಬೇಕು."

ಅವರು ಕೈ ತೊಳೆದು ಬಂದು ಟೀಚರ ಫೋನು ಹಿಡಿಯುತ್ತಾರೆ. ಓದಿದ್ದು ಮೂರನೇ ತರಗತಿಯವರೆಗೆ. ಒಂದೊಂದಕ್ಷರ ಹುಡುಕಿ ಒತ್ತುತ್ತಾರೆ, ತಪ್ಪಾದರೆ ಅಳಿಸುತ್ತಾರೆ. ಮಗಳು ತೋರಿಸಲು ಬಂದರೆ ಕೈ ಸರಿಸುತ್ತಾರೆ. ದಿನಾ ನಿಮಿಷ ಎಣಿಸುವ ಸೇವಂತಿ ಟೀಚರು ಗಡಿಯಾರ ನೋಡದೆ ನಿಂತಿದ್ದಾರೆ. ಹದಿನೇಳನೇ ಸಾಲಿನಲ್ಲಲ್ಲ, ಎಲ್ಲರ ಕೆಳಗೆ, ಮೂವತ್ತೊಂಬತ್ತರಲ್ಲಿ 'ಶೈಲಾ' ಎಂದು ಮೂಡುತ್ತದೆ. ಬಿಟ್ಟು ಬಂದವರ ಹೆಸರು ಪಟ್ಟಿಯ ಕೊನೆಗೇ ಸೇರಬೇಕು ಎನ್ನುತ್ತಾರೆ ಭೀಮರಾಯ. ಅದೂ ಹಾಜರಿಯ ನಿಯಮವಂತೆ. ಅವರ ಹೊಸ ನಂಬರನ್ನು ಟೀಚರು ಗ್ರೂಪಿಗೆ ಸೇರಿಸಿ, ಇವತ್ತಿನ ಪಾಠವನ್ನೂ ಕಳಿಸುತ್ತಾರೆ.

"ನಾನೂ ಕೇಳ್ತಿದ್ದೆ ಬಿಡ್ರಿ ನಿಮ್ಮ ಪಾಠ," ಎಂದು ಗೇಟಿನವರೆಗೆ ಬಂದು ಹೇಳುತ್ತಾರೆ. "ಚಾ ಕುಡಿಯೂ ಮುಂದ ಕಿವಿಗೆ ಬೀಳ್ತಿತ್ತು."

ಮರಳುವ ಲೋಕಲ್‌ನಲ್ಲಿ ಟೀಚರು ಶ್ರೀಮಂತ ಸರ್‌ಗೆ ಫೋನ್ ಮಾಡುತ್ತಾರೆ. "ಬೀಗ ಬೇಡ ಸರ್. ಬೀಗ ಇದ್ದಿದ್ರೆ ಅವರು ಹೆಸರು ಅಳಿಸ್ತಿರ್ಲಿಲ್ಲ, ನಿಜ. ಆದ್ರೆ ಬೊರಿವಲಿ ಅಂತ ಬರೀಲಿಕ್ಕೂ ಯಾರಿಗೂ ಆಗ್ತಿರ್ಲಿಲ್ಲ." ಫೋನಿಟ್ಟ ಮೇಲೆ ಕಿಟಕಿಗೆ ಮುಖ ಮಾಡಿ ಅಳುತ್ತಾರೆ. ನಾನು ಪೆನ್ನು ಮುಚ್ಚಿಡುತ್ತೇನೆ.

ಸೋಮವಾರ ಹನ್ನೊಂದೂವರೆಗೆ ಟೀಚರ ಮೆಸೇಜು: 'ಬಂದಿದ್ದಾಳೆ. ಅಪ್ಪ ಹೊರಗೆ ಬೆಂಚಿನ ಮೇಲೆ.' ಸಂಜೆ ಟೀಚರೇ ಫೋನ್ ಮಾಡಿ ಹಾಳೆ ತೆರೆಯಲು ಹೇಳುತ್ತಾರೆ. ಖಾಲಿಯಿದ್ದ ಹದಿನೇಳನೇ ಸಾಲು ತುಂಬಿದೆ. ಹೆಸರಿನ ಕಾಲಮಿನಲ್ಲಿ 'ಭೀಮರಾಯ'. ಪಕ್ಕದಲ್ಲಿ 'ಕೇಳಿದೆ'. ಅರ್ಥವಾಗದ್ದು ಏನು ಎಂಬಲ್ಲಿ: 'ಸುಣ್ಣ ಬಿಸಿ ಆಗೂದು ತಿಳೀತು. ಸಿಮೆಂಟ ಗಟ್ಟಿ ಯಾಕ ಆಗ್ತದ?'

"ಮೂವತ್ತು ವರ್ಷದಿಂದ ಸಿಮೆಂಟ್ ಕಲಸ್ತಿದ್ದಾರೆ ಅವರು," ಎನ್ನುತ್ತಾರೆ ಟೀಚರು. ದನಿಯಲ್ಲಿ ಹೆಮ್ಮೆಯೂ ಇದೆ, ಗಾಬರಿಯೂ ಇದೆ. "ನಂಗೇ ಸರಿ ಗೊತ್ತಿಲ್ಲ ಮಾರಾಯ್ರೆ. ಈಗ ಕೂತು ಓದ್ಬೇಕು. ನಾಳೆ ಅವರು ಕೆಲಸಕ್ಕೆ ಹೋಗುವ ಮೊದಲು ಹೇಳ್ಬೇಕಲ್ಲ."