ಅವ್ವನ ಬದನೆಗೆ ಹೊದಿಕೆ

ನವಲಿಯ ಭತ್ತದ ಗದ್ದೆಗಳ ನಡುವೆ ಬೆಳೆದವಳು ನಾನು, ಕೊಟ್ಟಿದ್ದು ಬೇವೂರಿನ ಒಣಬೇಸಾಯದ ಮನೆಗೆ. ಕಳೆದ ಬೇಸಿಗೆಯಲ್ಲಿ ಹಿತ್ತಿಲಲ್ಲಿ ಮುಳ್ಳುಬದನೆ ಹಚ್ಚಿದ್ದೆ. ಅವ್ವ ತೀರಿಕೊಳ್ಳುವ ಮುಂಚೆ ಬೂದಿಯಲ್ಲಿ ಕಲಸಿ ಕೊಟ್ಟ ಬೀಜ ಅದು. ತವರಿನಲ್ಲೂ ಉಳಿದಿರಲಿಲ್ಲ. ಈ ಸಸಿಗಳು ಸತ್ತರೆ ಮುಗಿಯಿತು. ಕೂತಲ್ಲಿ ಕೂರಲಾಗದೆ, ಹಂಚಿನ ಮೇಲೆ ರೊಟ್ಟಿ ಬಿಟ್ಟು ಹಿತ್ತಿಲಿಗೆ ಓಡುತ್ತಿದ್ದೆ.

ನಳದ ನೀರು ದಿನಾ ಬರುವುದಿಲ್ಲ. ಎರೆಮಣ್ಣು ಮಧ್ಯಾಹ್ನದೊಳಗೆ ಬಿರುಕು ಬಿಡುತ್ತಿತ್ತು. ತಮ್ಮನಿಗೆ ಫೋನ್ ಮಾಡಿ ಭತ್ತದ ಹುಲ್ಲು ತರಿಸಿ, ಸಸಿಗಳ ಬುಡಕ್ಕೆ ದಪ್ಪಗೆ ಹಾಸಿದೆ. ಅತ್ತೆ ಬಾಗಿಲಲ್ಲೇ ನಿಂತರು.

“ದನಾ ತಿನ್ನೂ ಹುಲ್ಲು ಮಣ್ಣಿಗೆ ಹಾಸೀಯಲ್ಲ, ತಲಿ ನೆಟ್ಟಗ ಐತಿಲ್ಲ ನಿಂದು?”

“ನಮ್ಮ ಕಡೆ ಇದನ್ನ ಗದ್ದ್ಯಾಗ ಸುಡ್ತಾರ್ರಿ,” ಅಂದೆ.

“ಸುಡ್ಲಿ. ಇಲ್ಲಿ ಅದನ್ನ ತಿನ್ನೂ ಬಾಯಿ ಅದಾವ.”

ನಾನು ಮುಖ ಊದಿಸಿಕೊಂಡೆ. ಆದರೆ ಹುಲ್ಲೆತ್ತಿ ನೋಡಿದಾಗಲೆಲ್ಲ ಕೆಳಗೆ ತಂಪು. ನೀರು ಬಾರದ ದಿನವೂ ಮಣ್ಣು ಕೈಗೆ ಅಂಟುತ್ತಿತ್ತು, ಕಸ ಹುಟ್ಟುವುದೂ ಕಡಿಮೆಯಾಗಿತ್ತು. ಹೀಗೆ ಎತ್ತೆತ್ತಿ ನೋಡಿ ನಾನೇ ಒಣಗಿಸಿಬಿಟ್ಟೇನೋ ಎಂಬ ಹೆದರಿಕೆ ಬೇರೆ.

ಒಂದು ಬೆಳಿಗ್ಗೆ ಆಕಳು ಹಗ್ಗ ಹರಿದುಕೊಂಡು ಹಿತ್ತಿಲಿಗೆ ನುಗ್ಗಿತ್ತು. ಅದಕ್ಕೇನು ಗೊತ್ತು, ಊಟ ಹಾಸಿಟ್ಟವಳು ನಾನೇ ಅಲ್ಲವೇ. ಹುಲ್ಲಿನ ಜೊತೆ ಸಸಿಗಳನ್ನೂ ಕಿತ್ತು ತಿಂದಿತ್ತು. ಗೋಡೆ ಮೂಲೆಯದೊಂದೇ ಉಳಿದಿತ್ತು. ನನ್ನ ಸಿಟ್ಟೆಲ್ಲ ಅತ್ತೆಯ ಮೇಲೆ ಹೋಯಿತು.

“ಈಗ ನಿಮ್ಮ ಹೊಟ್ಟಿ ತಣ್ಣಗಾತಲ್ರಿ?”

ಅವರು ಹರಿದ ಹಗ್ಗಕ್ಕೆ ಗಂಟು ಹಾಕಿ ಆಕಳನ್ನು ಹೊಡೆದುಕೊಂಡು ಹೋದರು.

ಉಳಿದ ಗಿಡಕ್ಕೆ ಬೇವಿನ ಸೊಪ್ಪು, ಶೇಂಗಾ ಸಿಪ್ಪೆ ಹೊದಿಸಿದೆ. ನಮ್ಮ ಆಕಳು ಬೇವಿಗೆ ಬಾಯಿ ಹಾಕುವುದಿಲ್ಲ. ಗಿಡ ಚಿಗುರಿತು, ಹೂಗಳನ್ನೆಲ್ಲ ಉದುರಿಸಿ ನನ್ನ ಜೀವ ತಿಂದಿತು, ಕಡೆಗೆ ಒಂದು ಕಾಯಿ ಹಿಡಿಯಿತು. ಅದು ಹಳದಿಯಾಗಿ ಹಣ್ಣಾಗುವ ತನಕ ಗಿಡದಲ್ಲೇ ನಿಂತರೆ ಮಾತ್ರ ಬೀಜ. ಯಾರಾದರೂ ಹಿತ್ತಿಲಿಗೆ ಕಾಲಿಟ್ಟರೂ ನನಗೆ ಆಗುತ್ತಿರಲಿಲ್ಲ.

ಇರಕಲ್ಲಗಡದಿಂದ ಬೀಗರು ಬಂದ ದಿನ, ಅವರು ಹೊರಟ ಮೇಲೆ ಹೋಗಿ ನೋಡುತ್ತೇನೆ, ಗಿಡದಲ್ಲಿ ಕಾಯಿ ಕಾಣಲಿಲ್ಲ. ಯಾರೋ ಕಿತ್ತುಕೊಂಡು ಹೋದರೆಂದು ಬೀದಿಯ ಕಡೆ ಓಡಲು ಹೊರಟೆ. ಅತ್ತೆ ನನ್ನ ಕೈ ಹಿಡಿದು ಗಿಡದ ಹತ್ತಿರ ಎಳೆದೊಯ್ದು, ಎಲೆ ಸರಿಸಿ ತೋರಿಸಿದರು. ಕಾಯಿ ಅಲ್ಲೇ ಇತ್ತು, ಅವರ ಹಸಿರು ಸೀರೆಯ ಚೂರೊಂದರಲ್ಲಿ ಸುತ್ತಿ ಕಟ್ಟಿದ್ದರು.

“ಬಂದವ್ರ ಕೈ ಸುಮ್ನಿರಂಗಿಲ್ಲ, ಅಳಿಲೂ ಬಿಡಂಗಿಲ್ಲ. ಅದಕ್ಕ ಕಟ್ಟೀನಿ. ನಿಮ್ಮವ್ವನ ಬೀಜ ನನ್ನ ಮನ್ಯಾಗ ಹಾಳಾಗಬಾರದು,” ಅಂದರು.

ನನಗೆ ಅಲ್ಲೇ ಅಳು ಬಂತು.