ಎಡಗಡೆ ಜೇಬಿನ ದಸ್ತಿ

...ಎಡಗಡೆ ಜೇಬಿನಿಂದ ಕರ್ಚೀಪು ತೆಗೆದು ಕೊಟ್ಟರು ಎಂದು ಬರೆದೆ, ಹೊಡೆದುಹಾಕಿದೆ. ಹೆಗಲಿನ ಬ್ಯಾಗಿನಿಂದ ತೆಗೆದಿರಲೂಬಹುದು. ಆ ಹೊತ್ತಿಗೆ ರಸ್ತೆಯ ಹಳಿಯ ಮೇಲೆ ಓಡುವ ಸ್ಟ್ರೀಟ್‌ಕಾರು ಬಂದು ನಿಂತಿತ್ತು, ಬಾಗಿಲು ತೆರೆದಿತ್ತು, ನಾನು ಅವರ ಕೈಯ ಕಡೆ ನೋಡುತ್ತಿರಲಿಲ್ಲ. ಹಾಗಿದ್ದರೆ ಅವರ ಕೈ ಜೇಬಿಗೆ ಇಳಿದದ್ದು, ಎರಡು ಬೆರಳಲ್ಲಿ ಬಟ್ಟೆಯನ್ನು ಮೇಲೆತ್ತಿದ್ದು, ಇದೆಲ್ಲ ನನಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವುದು ಹೇಗೆ? ಬೇರೆ ಯಾವುದೋ ದಿನ ಕಂಡದ್ದನ್ನು ತಂದು ಆ ದಿನಕ್ಕೆ ಅಂಟಿಸಿಕೊಂಡಿದ್ದೇನೆ.

ಜೇಬೋ ಬ್ಯಾಗೋ ಎಂದು ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಯಾರಾದರೂ ಕೇಳಬಹುದು. ಸುಮಂಗಲಕ್ಕನನ್ನು ಬಲ್ಲವರು ಕೇಳುವುದಿಲ್ಲ.

ಅವರ ಮೈಮೇಲೆ ಯಾವಾಗಲೂ ಎರಡು ಕರ್ಚೀಪು ಇರುತ್ತಿದ್ದವು. ನಾನು ಮೈಸೂರಿನವಳು, ನನಗೆ ಕರ್ಚೀಪು. ಅವರು ಬಿಜಾಪುರದವರು, ಅವರಿಗೆ ದಸ್ತಿ. ಬಲಗಡೆ ಜೇಬಿನಲ್ಲಿರುವುದು ತಮ್ಮ ಕೈ ಒರೆಸಿಕೊಳ್ಳುವುದಕ್ಕೆ. ಎಡಗಡೆಯದು ಬೇರೆಯವರಿಗೆ. ಟೊರಾಂಟೊದ ಪೂರ್ವಕ್ಕಿರುವ ಒಶಾವಾದಲ್ಲಿ ಬಟ್ಟೆ ಆಲ್ಟರೇಷನ್ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರಾದ್ದರಿಂದ ತಮ್ಮ ಪ್ರತಿಯೊಂದು ಕುರ್ತಾಕ್ಕೂ ಎರಡು ಜೇಬು ತಾವೇ ಇಟ್ಟು ಹೊಲಿದುಕೊಂಡಿದ್ದರು. ಸೀರೆ ಉಟ್ಟ ದಿನ ಲಂಗಕ್ಕೂ ಜೇಬು.

ನಮ್ಮ ಪರಿಚಯವಾದದ್ದು ಮಿಸ್ಸಿಸಾಗಾದ ಸಮುದಾಯ ಭವನವೊಂದರಲ್ಲಿ, ಯುಗಾದಿ ಊಟದ ದಿನ, ಹೆಂಗಸರ ಟಾಯ್ಲೆಟ್ಟಿನಲ್ಲಿ. ಕೈ ಒಣಗಿಸುವ ಯಂತ್ರ ವಿಮಾನದ ಹಾಗೆ ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ನಾನು ಸೆರಗು ಹಿಡಿದುಕೊಂಡೆ.

"ತಗೋ ತಂಗಿ, ಸೀರಿಗಿ ಒರಸಬ್ಯಾಡ."

ನಾಲ್ಕು ಮಡಿಕೆಯ, ಇಸ್ತ್ರಿಯ ಗೆರೆ ಮುರಿಯದ ತೆಳು ಹಳದಿ ಬಟ್ಟೆ. ಮೂಲೆಯಲ್ಲಿ ಯಾರೋ ಡಿಸೈನರ್ ಹೆಸರು ಸಣ್ಣ ದಾರದಲ್ಲಿ.

"ಬೇಡಿ ಅಕ್ಕಾ, ಸುಮ್ನೆ ಗಲೀಜಾಗತ್ತೆ."

"ಗಲೀಜಾಗಲಿ ಅಂತನ ಐತಿ. ಒಗದು, ಇಸ್ತ್ರಿ ಮಾಡಿ, ನೀನ ಬಂದು ಕೊಡಬೇಕ ಮತ್ತ. ಪೋಸ್ಟಿನ್ಯಾಗ ಕಳಿಸಿದಿ ಅಂದ್ರ ತಗೊಳ್ಳೂದಿಲ್ಲ ನಾ."

ನನ್ನ ಮನೆ, ಆಫೀಸು ಎರಡೂ ಮೆಡೋವೇಲ್‌ನಲ್ಲಿ. ಅಲ್ಲಿಂದ ಒಶಾವಾಕ್ಕೆ ಹೋಗುವುದೆಂದರೆ ಇಡೀ ಟೊರಾಂಟೊವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕು. ಒಂದು ಕರ್ಚೀಪಿಗಾಗಿ! ಬೈದುಕೊಂಡೇ ಹೋದೆ. ಅವರು ಬಾಗಿಲಲ್ಲೇ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ಮೂಲಿಗೆ ಮೂಲಿ ಕೂಡಿಲ್ಲ. ಇಂಜಿನಿಯರ್ ಅಂತೀಯಲ್ಲ?"

"ಸಾಫ್ಟ್‌ವೇರು ಅಕ್ಕಾ."

"ಅದಕ್ಕ ಮತ್ತ. ಬಾ, ರೊಟ್ಟಿ ಬಿಸಿ ಮಾಡ್ತೀನಿ."

ಅಂದು ಹೊರಡುವಾಗ ಮತ್ತೊಂದು ಕೊಟ್ಟರು. ಅದನ್ನು ಕೊಡಲು ಮತ್ತೆ ಹೋದೆ. ಕೊಟ್ಟದ್ದು ಮರಳಿ ಬರುವ ತನಕ ಅವರ ಎಡಗಡೆ ಜೇಬು ಖಾಲಿ ಇರುತ್ತಿತ್ತು. "ಒಂದು ಹೊರಗ ಇದ್ದಾಗ ಇನ್ನೊಂದು ಇಡಂಗಿಲ್ಲ. ಇಟ್ಟಿನಂದ್ರ, ಹೋದಾಕಿ ಬರೂದಿಲ್ಲ ಅಂತ ನಾನ ಅಂದಂಗ." ಇದು ಜಪಾನಿನ ಪದ್ಧತಿಯೋ, ಬಿಜಾಪುರದ್ದೋ, ಅವರೇ ಮಾಡಿಕೊಂಡದ್ದೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಜಪಾನು ಬಂದದ್ದು ಗಂಡನ ನೌಕರಿಯಿಂದ. ಕೆನಡಾಕ್ಕೆ ಬರುವ ಮೊದಲು ಅವರು ಆರು ವರ್ಷ ಕೋಬೆಯಲ್ಲಿದ್ದರು. (ಆರೋ ಏಳೋ, ಅವರೇ ಒಮ್ಮೊಮ್ಮೆ ಒಂದೊಂದು ಹೇಳುತ್ತಿದ್ದರು.) ಅಲ್ಲಿ ಬಹಳ ಟಾಯ್ಲೆಟ್ಟುಗಳಲ್ಲಿ ಕೈ ಒರೆಸಲು ಏನೂ ಇಡುತ್ತಿರಲಿಲ್ಲವಂತೆ, ಎಲ್ಲರೂ ತಮ್ಮ ತಮ್ಮದು ತೆಗೆದು ಒರೆಸಿಕೊಂಡು, ಮಡಿಸಿ, ಒಳಗಿಟ್ಟುಕೊಳ್ಳುತ್ತಿದ್ದರಂತೆ. ಮಗಳು ಅಶ್ವಿನಿ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಟೀಚರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳುವುದು ಎರಡೇ: ಹಂಕಾಚಿ, ಅಂದರೆ ಕರ್ಚೀಪು, ಇದೆಯಾ, ಟಿಶ್ಯೂ ಇದೆಯಾ. ಒಂದು ದಿನ ಮರೆತು ಕಳಿಸಿದ್ದಕ್ಕೆ ಸುಮಂಗಲಕ್ಕ ಅಡುಗೆಮನೆಯ ಚಪ್ಪಲಿಯಲ್ಲೇ ಶಾಲೆಯ ತನಕ ಓಡಿದ್ದರು. ದೊಡ್ಡ ಅಂಗಡಿಗಳ ನೆಲಮಹಡಿಯಲ್ಲಿ ಬರೀ ಕರ್ಚೀಪುಗಳದೇ ಗಾಜಿನ ಕಪಾಟುಗಳ ಸಾಲು ಇರುತ್ತಿತ್ತಂತೆ. "ಆ ಡಿಸೈನರ್‌ಗೋಳ ಬ್ಯಾಗು ನಮ್ಮಂಥವರು ಮುಟ್ಟಾಕ ಆಗೂದಿಲ್ಲ. ಅವರದ ಹೆಸರಿನ ದಸ್ತಿ ಕೊಳ್ಳಾಕ ಆಗ್ತದ. ನೋಡಕೋತ ನಿಂತೆ ಅಂದ್ರ ಮಗಳು ಕಾಲು ನೋವು ಅಂತ ಅಳಾಕ ಹತ್ತತಿದ್ಲು."

ಅಲ್ಲಿಯೇ ಒಂದು ಫಜೀತಿಯಾಯಿತು. ಪಕ್ಕದ ಮನೆಗೆ ಹೊಸದಾಗಿ ಒಬ್ಬ ಹೆಂಗಸು ಬಂದಳು. ಸುಮಂಗಲಕ್ಕ ಬಲು ಪ್ರೀತಿಯಿಂದ ಒಂದು ಡಬ್ಬಿ ಕರ್ಚೀಪು ತಂದು, ರಿಬ್ಬನ್ ಕಟ್ಟಿಸಿ, ಕೊಟ್ಟು ಬಂದರು. ಆಕೆ ಬಾಗಿ ಬಾಗಿ ತೆಗೆದುಕೊಂಡಳು, ಆಮೇಲೆ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಕರ್ಚೀಪನ್ನು ಉಡುಗೊರೆಯಾಗಿ ಕೊಟ್ಟರೆ ಅಗಲಿಕೆ ಎಂದು ಎಣಿಸುವವರು ಅಲ್ಲಿನ ಹಳಬರಲ್ಲಿದ್ದಾರೆ ಎಂಬುದು ಆಮೇಲೆ ತಿಳಿಯಿತು. "ಬಂದಾಕಿಗೆ ಹೋಗವಾ ಅಂದಂಗಾತು ನೋಡ!" ಎಂದು ಇದನ್ನು ಹೇಳುವಾಗೆಲ್ಲ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಇವರು ಕೋಬೆ ಬಿಡುವ ವಾರ ಓಣಿಯ ಹೆಂಗಸರೆಲ್ಲ ಒಂದೊಂದು ಕರ್ಚೀಪು ತಂದು ಕೊಟ್ಟರಂತೆ. ಆ ಹೊಸಬಳೂ ತಂದಳಂತೆ.

ಹಾಗಾಗಿ ಸುಮಂಗಲಕ್ಕನ ಲೆಕ್ಕದಲ್ಲಿ ಜೇಬಿನಿಂದ ಬಂದದ್ದು ಎರವಲು, ಅದನ್ನು ಹಿಡಿದುಕೊಂಡು ಮತ್ತೆ ಬರಬೇಕು. ಹಾಗಲ್ಲದೆ ಪೆಟ್ಟಿಗೆಯಿಂದಲೋ ಬ್ಯಾಗಿನಿಂದಲೋ ತೆಗೆದು ಕೊಟ್ಟದ್ದು ಕೊಡುಗೆ, ಅದು ವಿದಾಯ. ಈ ಭೇದ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನೋಡಲಿಲ್ಲ.

ಇಲ್ಲಿಗೆ ಬಂದು ಕೆಲ ವರ್ಷಕ್ಕೆ ಗಂಡ ತೀರಿಕೊಂಡರು. ಆ ಕಾಲದ ಸುಮಂಗಲಕ್ಕನನ್ನು ನಾನು ಕಂಡಿಲ್ಲ. ನಾನು ಕಂಡವರು ಕುತ್ತಿಗೆಗೆ ಹೂವಿನ ಕರ್ಚೀಪನ್ನು ಓರೆಯಾಗಿ ಸುತ್ತಿ, ಇನ್ನೊಂದನ್ನು ಬ್ಯಾಗಿನ ಹಿಡಿಗೆ ಕಟ್ಟಿಕೊಂಡು 'ಗೋ' ಎಂಬ ಲೋಕಲ್ ರೈಲಿನಿಂದ ಇಳಿಯುತ್ತಿದ್ದ, ಅರವತ್ತರ ಆಸುಪಾಸಿನ ಬಿಗುವಿನ ಹೆಂಗಸು. ಒಂದು ಬೇಸಿಗೆ ನಾನೇ ಒತ್ತಾಯ ಮಾಡಿ ನಮ್ಮ ಹೆಂಗಸರ ಬಳಗದಲ್ಲಿ ಅವರಿಂದ ಒಂದು ಪಾಠ ಮಾಡಿಸಿದೆ. ಮಣಿಕಟ್ಟಿಗೆ ವಾಚಿನ ಪಟ್ಟಿಯ ಹಾಗೆ ಸುತ್ತುವುದು, ಕೂದಲಿಗೆ ಕಟ್ಟುವುದು, ಗಂಡಸರ ಕೋಟಿನ ಎದೆಜೇಬಿಗೆ ಮೂರು ಮೊನೆ ಕಾಣುವಂತೆ ಮಡಿಸುವುದು, ದೊಡ್ಡದಾದರೆ ಊಟದ ಡಬ್ಬಿಗೆ ಗಂಟು ಹಾಕುವುದು. ಎಲ್ಲಾ ಗಂಟೂ ಒಂದೇ ಎಳೆತಕ್ಕೆ ಬಿಚ್ಚಬೇಕು. "ಬಿಚ್ಚಿ ಕೈ ಒರಸಾಕ ಬರಲಿಲ್ಲಂದ್ರ ಅದು ಸ್ಟೈಲ್ ಅಲ್ಲ, ಗಾಯಕ್ಕ ಕಟ್ಟಿದ ಪಟ್ಟಿ."

ಹಿಂದಿನ ಸಾಲಿನಲ್ಲಿ ಇಲ್ಲೇ ಹುಟ್ಟಿದ ಒಂದು ಹುಡುಗಿ, ದಿನವಿಡೀ ಸಿಂಬಳ ಹೊತ್ತು ತಿರುಗುವುದೇ ಎಂದು ಮುಖ ಕಿವುಚಿದಳು. "ಬಟ್ ಇಟ್ಸ್ ಗ್ರೋಸ್, ಆಂಟಿ. ಯು ಕ್ಯಾರಿ ಯುವರ್ ಸ್ನಾಟ್ ಅರೌಂಡ್ ಆಲ್ ಡೇ?"

"ಮೂಗಿಗಿ ಯಾರು ಹೇಳಿದ್ರವಾ? ಮೂಗಿಗಿ ಟಿಶ್ಯೂ, ಬಾಯಿಗಿ ಟಿಶ್ಯೂ. ದಸ್ತಿ ಕೈಗೆ, ಬೆವರಿಗೆ, ಕಣ್ಣೀರಿಗೆ. ಮೂಗು ಬಾಯಿ ಹತ್ರ ಹೋತು ಅಂದ್ರ ಅದು ದಸ್ತಿ ಅಲ್ಲ, ಅರಿವಿ ಚೂರು."

ಈ ಮಾತು ಅವರು ಆಡಿದ್ದು ಖಂಡಿತ. ಅಲ್ಲಿದ್ದ ಇನ್ನಿಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಮುಂದೆ ನಾನು ಹೇಳುವುದೆಲ್ಲ ಈ ಮಾತಿನ ಮೇಲೆ ನಿಂತಿದೆ.

ಅದರ ಮರುವರ್ಷದ ಬೇಸಿಗೆಯಿಂದ ಅವರ ಕರ್ಚೀಪುಗಳ ಬಣ್ಣ ಬದಲಾಯಿತು. ತೆಳು ಹಳದಿ, ತೆಳು ಹಸಿರು ಹೋಗಿ ಕಡು ಕೆಂಪು, ಕಾಫಿಪುಡಿ ಬಣ್ಣ, ಕಪ್ಪಿನ ಮೇಲೆ ದಾಳಿಂಬೆ ಹೂವು ಬಂದವು. "ಈ ಡಾರ್ಕ್ ಕಲರು ನಿಮಗೆ ತುಂಬಾ ಒಪ್ಪತ್ತೆ ಅಕ್ಕಾ" ಎಂದೆ. "ಹೌದೇನ?" ಎಂದು ಕೇಳಿ, ಅದನ್ನು ಒಮ್ಮೆ ತಿರುವಿ ನೋಡಿ, ಒಳಗಿಟ್ಟರು. ಮೆಚ್ಚಿಕೊಂಡದ್ದಕ್ಕೆ ಸಂತೋಷಪಟ್ಟರು ಎಂದು ಆಗ ಅಂದುಕೊಂಡಿದ್ದೆ.

ಕಡೆಯ ಭೇಟಿ ನವೆಂಬರಿನಲ್ಲಿ, ಜೆರಾರ್ಡ್ ಇಂಡಿಯಾ ಬಜಾರಿನಲ್ಲಿ. ಇಬ್ಬರ ಮನೆಗೂ ಅದು ನಡುಮಧ್ಯ. ದೋಸೆ ತಿಂದೆವು. ಮೂಲೆಯ ಅಂಗಡಿಯಲ್ಲಿ ಪಾನ್ ಕಟ್ಟಿಸಿಕೊಂಡೆವು. ಇಲ್ಲಿ ನಿಧಾನವಾಗಿ ಬರೆಯಬೇಕು, ಯಾಕೆಂದರೆ ಇಲ್ಲಿ ನಾನು ಸುಳ್ಳು ಹೇಳಿಕೊಂಡಿದ್ದೇನೆ.

ಬಹಳ ದಿನ ನಾನು ನೆನೆಸಿಕೊಂಡದ್ದು ಹೀಗೆ: ಪಾನ್ ಜಗಿಯುತ್ತಾ ನಡೆಯುವಾಗ ಸುಮಂಗಲಕ್ಕನಿಗೆ ಕೆಮ್ಮು ಬಂತು. ಬಲಗಡೆ ಜೇಬಿನಿಂದ ಕಡು ಕೆಂಪು ಕರ್ಚೀಪು ತೆಗೆದು ಬಾಯಿಗೆ ಒತ್ತಿಕೊಂಡರು. ಅದರ ಅಂಚು ಬಿಳಿ. ಬಿಳಿಯ ಮೇಲೆ ಕೆಂಪು ಹತ್ತಿತು. ಪಾನ್ ರಸ.

ತಿದ್ದುತ್ತೇನೆ. ಅವರು ಕೆಮ್ಮಿದಾಗ ನನ್ನ ಮುಂದೆ ಅರ್ಧ ದೋಸೆ ಇತ್ತು. ತಟ್ಟೆಯ ಅಂಚಿಗೆ ಸಾಂಬಾರಿನ ಬಟ್ಟಲನ್ನು ತಳ್ಳಿ, ಅವರಿಗೆ ನೀರಿನ ಲೋಟ ಸರಿಸಿದ್ದು ನೆನಪಿದೆ. ಪಾನ್ ತಿಂದದ್ದು ಊಟವಾದ ಮೇಲೆ. ಪಾನ್ ಬಾಯಿಗೆ ಹೋಗುವ ಮೊದಲು ಯಾರ ಬಾಯೂ ಕೆಂಪಾಗುವುದಿಲ್ಲ. ಮೇಜಿನ ಮೇಲೆ ಟಿಶ್ಯೂ ಡಬ್ಬಿಯೂ ಇತ್ತು. ಬಾಯಿಗೆ ಕರ್ಚೀಪು ಮುಟ್ಟಿಸಬಾರದು ಎಂದು ಪಾಠ ಮಾಡಿದ ಹೆಂಗಸು ಆ ಡಬ್ಬಿಯನ್ನು ಬಿಟ್ಟು ಕಡು ಕೆಂಪು ಬಟ್ಟೆಗೆ ಕೆಮ್ಮಿದರು. ಬಿಳಿ ಟಿಶ್ಯೂವಿನಲ್ಲಿ ಎಲ್ಲವೂ ಕಾಣುತ್ತದೆ. ಮೂರು ಸಲ ಒಳಮಡಿಸಿ ಜೇಬಿಗಿಟ್ಟರು.

"ಏನಕ್ಕಾ?"

"ಮೆಣಸಿನಕಾಯಿ ನೆತ್ತಿಗೇರಿತು. ತಿನ್ನು ನೀ."

ನಾನು ತಿಂದೆ. ಕೋವಿಡ್ ಆದಮೇಲೆ ಯಾರಾದರೂ ಕೆಮ್ಮಿದರೆ ಹೆಚ್ಚು ಕೇಳಬಾರದು ಎಂಬ ಒಂದು ಮರ್ಯಾದೆ ಊರಲ್ಲೆಲ್ಲ ಬಂದುಬಿಟ್ಟಿತ್ತು. ನಾನು ಅದರ ಹಿಂದೆ ಅಡಗಿಕೊಂಡೆ.

ಸ್ಟ್ರೀಟ್‌ಕಾರು ನಿಲ್ದಾಣದಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ನನ್ನ ಕಣ್ಣಲ್ಲಿ ನೀರು ಬಂತು. ಅತ್ತಿರಲೂಬಹುದು. ಅತ್ತಿದ್ದರೆ ನನಗೆ ಆಗಲೇ ಗೊತ್ತಿತ್ತು ಎಂದಾಗುತ್ತದೆ. ಅದಕ್ಕೇ ಗಾಳಿ ಎನ್ನುತ್ತೇನೆ. ಅವರು ಒಂದು ಕರ್ಚೀಪನ್ನು ನನ್ನ ಅಂಗೈಗೆ ತುರುಕಿದರು. ನೀಲಿ, ಸಣ್ಣ ಬಿಳಿ ಕೊಕ್ಕರೆಗಳು. "ಒಗದು ತಾ" ಎಂದರೇ? ಆ ದನಿ ನನಗೆ ಕೇಳಿಸುತ್ತದೆ. ಆದರೆ ಆ ಮಾತನ್ನು ಅವರು ಪ್ರತಿ ಸಲವೂ ಆಡುತ್ತಿದ್ದರು, ಯಾವ ದಿನದ ದನಿ ಇದು ಎಂದು ಹೇಳಲಾರೆ. ನಾನು ಸ್ಟ್ರೀಟ್‌ಕಾರು ಹತ್ತಿದೆ. ಬಾಗಿಲು ಮುಚ್ಚಿತು.

ಒಗೆದೆ, ಇಸ್ತ್ರಿ ಮಾಡಿದೆ. ಡಿಸೆಂಬರಿನಲ್ಲಿ ಆಫೀಸಿನ ಹೊಸ ಸಾಫ್ಟ್‌ವೇರ್ ರಿಲೀಸಿನ ಗಡಿಬಿಡಿ. ಜನವರಿಯಲ್ಲಿ ಹಿಮ. ಫೋನ್ ಮಾಡಿದಾಗ ಅವರ ದನಿ ಸಣ್ಣಗಿತ್ತು. "ಥಂಡಿ" ಎಂದರು. "ಮುಂದಿನ ಶನಿವಾರ ಬರ್ತೀನಿ ಅಕ್ಕಾ, ನಿಮ್ಮ ಕರ್ಚೀಪು ನನ್ನ ಹತ್ರಾನೇ ಇದೆ" ಎಂದೆ. ಅವರು ಏನೂ ಅನ್ನಲಿಲ್ಲ. ಕೊಟ್ಟದ್ದು ಎರವಲಾಗಿದ್ದರೆ "ಬಾ" ಎನ್ನುತ್ತಿದ್ದರು. ಕೊಡುಗೆಯಾಗಿದ್ದರೆ "ಅದನ್ನ್ಯಾಕ ತರತಿ" ಎನ್ನುತ್ತಿದ್ದರು. ಅಥವಾ ಆಗಲೇ ಕೆಮ್ಮು ಬಂದು ಫೋನನ್ನು ದೂರ ಹಿಡಿದಿದ್ದರೋ. ಆ ಶನಿವಾರ ನಾನು ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಆ ಬಾಗಿಲು ತೆರೆದರೆ ಏನು ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ಹಿಮ ಒಳ್ಳೆಯ ನೆಪವಾಯಿತು.

ಮಾರ್ಚಿನಲ್ಲಿ ಅಶ್ವಿನಿಯ ಫೋನು. "ಆಂಟಿ, ಅಮ್ಮ ಪಾಸ್ಡ್ ಅವೇ. ಮಂಗಳವಾರ."

ಶ್ವಾಸಕೋಶ. ಹಿಂದಿನ ಬೇಸಿಗೆಯಲ್ಲೇ ತಿಳಿದಿತ್ತು. ಮಗಳಿಗೊಬ್ಬಳಿಗೆ ಹೇಳಿ, ಇನ್ನಾರಿಗೂ ಹೇಳಕೂಡದು ಎಂದು ಆಣೆ ಮಾಡಿಸಿಕೊಂಡಿದ್ದರಂತೆ. ಒಶಾವಾದ ಫ್ಯೂನರಲ್ ಹೋಮಿನಲ್ಲಿ ಕಡೆಯ ದರ್ಶನ. ಕುರ್ಚಿಗೊಂದರಂತೆ ಟಿಶ್ಯೂ ಡಬ್ಬಿ ಇಟ್ಟಿದ್ದರು. ಬಂದವರೆಲ್ಲ ಅದರಿಂದ ಎಳೆದು ಎಳೆದು ಕಣ್ಣು, ಮೂಗು ಒರೆಸಿ ಉಂಡೆ ಮಾಡುತ್ತಿದ್ದರು. ನನ್ನ ಕೋಟಿನ ಎಡಗಡೆ ಜೇಬಿನಲ್ಲಿ ಕೊಕ್ಕರೆಯ ಕರ್ಚೀಪು ಇತ್ತು. ನಾನು ಅದನ್ನು ತೆಗೆಯಲಿಲ್ಲ. ತೆಗೆದರೆ ಮತ್ತೆ ಒಗೆಯಬೇಕು, ಮತ್ತೆ ಇಸ್ತ್ರಿ ಮಾಡಬೇಕು ಎಂಬ ಯೋಚನೆ ಬಂತು. ಹೆಣದ ಮುಂದೆ ನಿಂತಾಗ ನನಗೆ ಬಂದ ಯೋಚನೆ ಅದು.

ಆಮೇಲೆ ಮನೆಯಲ್ಲಿ ಅಶ್ವಿನಿ ಅಮ್ಮನ ಡ್ರಾಯರು ತೆರೆದು ತೋರಿಸಿದಳು. ಒಂದು ಪಕ್ಕ ತೆಳು ಬಣ್ಣದವು, ಮೂಲೆಗೆ ಮೂಲೆ ಕೂಡಿ, ಹಿಂದಿನ ಬೇಸಿಗೆಯಿಂದ ಮುಟ್ಟಿಲ್ಲ. ಇನ್ನೊಂದು ಪಕ್ಕ ಕಡು ಬಣ್ಣದವು, ಒಗೆದು ಒಗೆದು ಸವೆದವು.

"ಮೊದಲು ಐ ಥಾಟ್ ಇಟ್ ವಾಸ್ ಫ್ಯಾಷನ್, ಆಂಟಿ" ಎಂದಳು. "ಆಮೇಲೆ ಲಾಂಡ್ರಿ ನಾನು ಮಾಡೋಕೆ ಶುರು ಮಾಡಿದೆ."

"ಅವರ ಎಡಗಡೆ ಜೇಬು?"

"ಎಂಪ್ಟಿ. ನಾನು ಎಲ್ಲಾ ಕುರ್ತಾ ಚೆಕ್ ಮಾಡಿದೆ."

ಖಾಲಿ ಜೇಬೆಂದರೆ ಕಾಯುತ್ತಿದ್ದರು ಎಂದರ್ಥ. ಹಾಸಿಗೆ ಹಿಡಿದವರು ಜೇಬಿನಲ್ಲಿ ಏನಾದರೂ ಯಾಕಿಟ್ಟುಕೊಳ್ಳುತ್ತಾರೆ ಎಂದೂ ಅರ್ಥ. ನಾನು ಕೇಳಬಾರದೆಂದುಕೊಂಡೇ ಕೇಳಿದೆ: "ನನ್ನ ವಿಷಯ ಏನಾದ್ರೂ ಮಾತಾಡಿದ್ರಾ?"

ಅಶ್ವಿನಿ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ. "ನಿಮ್ಮ ಹೆಸರು ಹೇಳಲಿಲ್ಲ, ಆಂಟಿ. ಬಟ್ ಎವೆರಿ ಮಾರ್ನಿಂಗ್ ಕೇಳೋರು, ರಸ್ತಾ ಸ್ವಚ್ಛ ಆಗ್ಯಾವೇನು ಅಂತ. ಹಿಮ ತಳ್ಳೋ ಪ್ಲೌ ಬಂತಾ, ಹೈವೇ ಓಪನ್ ಇದೆಯಾ ಅಂತ. ಐ ಡೋಂಟ್ ನೋ ವೈ. ಅವರು ಎಲ್ಲೂ ಹೋಗೋದಿರಲಿಲ್ಲ."

ಆ ದಿನ ಕರ್ಚೀಪನ್ನು ಅವಳಿಗೆ ಕೊಟ್ಟು ಬರಬಹುದಿತ್ತು. ಕೊಡಲಿಲ್ಲ. ಕೊಕ್ಕರೆಯದು ನನ್ನ ಬಳಿಯೇ ಇದೆ. ಆಗಾಗ ತೆಗೆದು ಮತ್ತೆ ಇಸ್ತ್ರಿ ಮಾಡುತ್ತೇನೆ. ಈಗ ಮೂಲೆಗೆ ಮೂಲೆ ಕೂಡುತ್ತದೆ. ಆ ರಸ್ತೆಗಳನ್ನು ಅವರು ಯಾರಿಗಾಗಿ ವಿಚಾರಿಸುತ್ತಿದ್ದರೋ ತಿಳಿಯದು. ಅಂದು ಕೈ ಹೋದದ್ದು ಜೇಬಿಗೋ ಬ್ಯಾಗಿಗೋ, ಅದೂ ನನಗೆ ಗೊತ್ತಿಲ್ಲ.