ಹದಿನೇಳನೆಯ ಓಲೆ

ಸುಮನಾ, ಹದಿನೇಳನೆಯ ಓಲೆಯನ್ನು ಸುಟ್ಟವಳು ನಾನು. ಪಾಲಾರಿವಟ್ಟದ ಈ ಫ್ಲ್ಯಾಟಿನ ಗ್ಯಾಸ್ ಒಲೆಯಲ್ಲಿ, ನೀನು ಓಲೆಕಟ್ಟನ್ನು ಒಯ್ಯಲು ಬರುವ ದಿನ ಬೆಳಿಗ್ಗೆ. ವರ್ಷವರ್ಷ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಕಾಪಾಡಿದ ಕೈಯೇ ಸುಟ್ಟಿತು — ಎಣ್ಣೆ ಕುಡಿದ ತಾಳೆಗರಿ, ಕ್ಷಣದಲ್ಲಿ ಹೊತ್ತಿಕೊಂಡಿತು.

ನಾಲ್ಕನೇ ಕ್ಲಾಸು ಓದಿದ ಅಜ್ಜಿಗೆ ಹಳೆಯ ಅಕ್ಷರ ಏನು ತಿಳಿಯುತ್ತದೆ ಎಂದುಕೊಂಡೆಯಲ್ಲ? ನನ್ನ ಮಾವನವರು ಎಷ್ಟೋ ಸಲ ಓದಿ ಹೇಳಿದ್ದರು. ನಮ್ಮ ಮನೆತನದ ಆ ವೈದ್ಯ, ಇನ್ನೂರು ವರ್ಷಕ್ಕೂ ಹಿಂದೆ ಮದ್ದಿನ ಪೆಟ್ಟಿಗೆ ಹಿಡಿದು ರಾಜನ ದೂತನಾಗಿ ಸೀಮೆ ಸೀಮೆ ಸುತ್ತಿ ಸಂಧಿ ಮಾಡಿಸಿದವ — ತಿರುವನಂತಪುರದಲ್ಲಿ ಕೂತು ನೀನು ಪಿಎಚ್‌ಡಿ ಪ್ರಬಂಧ ಬರೆದದ್ದು ಅವನ ಬಗ್ಗೆಯೇ. ನಾಡಿ ಹೇಳಿದ್ದು ರೋಗಿಯ ಹೊಸಿಲು ದಾಟಬಾರದು, ಇದು ನಮ್ಮ ಮನೆಯ ಕಟ್ಟಳೆ. ಅವನು ದಾಟಿಸಿದ. ನೆರೆಸೀಮೆಯ ದೊರೆಯ ಕೈ ಹಿಡಿದು ನೋಡಿ, 'ಈತ ಮಳೆಗಾಲ ಕಾಣುವುದಿಲ್ಲ' ಎಂದು ತನ್ನ ರಾಜನಿಗೆ ಬರೆದ. ಸಂಧಿ ಮುರಿಯಿತು, ದಂಡು ಹೊರಟಿತು, ಇವನಿಗೆ ಉಂಬಳಿ ಬಂತು. ತಪ್ಪನ್ನು ತಾನೇ ಓಲೆಯಲ್ಲಿ ಕೊರೆದಿಟ್ಟಿದ್ದ — ನನಗಿಂತ ಧೈರ್ಯ ಅವನಿಗಿತ್ತು.

ಸಂಧಿ ಮುರಿದ ವರ್ಷವೇ ಅವನಿಗೆ ಉಂಬಳಿ ಯಾಕೆ ಎಂದು ಪರೀಕ್ಷಕರು ಕೇಳಿದಾಗ ನೀನು ತಲೆತಗ್ಗಿಸಿ ನಿಂತೆಯಂತೆ. ಆಮೇಲೆ ನೀನು ನನಗೆ ಫೋನು ಮಾಡಿದೆ.

"ಅಜ್ಜೀ, ಹದಿನಾರು ಆದ್ಮೇಲೆ ಹದಿನೆಂಟು ಉಂಟಲ್ಲ, ನಡುವಿನದ್ದು ಎಲ್ಲಿ?"

"ಗೆದ್ದಲು ತಿಂದಿರ್ಬೇಕು ಮಗಾ."

"ಸಾರಮಿಲ್ಲ ಅಜ್ಜೀ, ಪರವಾಗಿಲ್ಲ. ಅದಕ್ಕೆ ನೀವೆಂತ ಮಾಡ್ಲಿಕ್ಕುಂಟು!"

ನೀನೇ ನನ್ನನ್ನು ಸಮಾಧಾನ ಮಾಡಿದೆ. ಗೆದ್ದಲೆಂದೇ ಬರೆದೆ, ಪುಸ್ತಕ ಅಚ್ಚಾಯಿತು. ನನ್ನ ಸುಳ್ಳು, ನಿನ್ನ ಹೆಸರು.

ಮನೆತನದ ಮಾನಕ್ಕಾಗಿ ಮಾಡಿದೆ ಎಂದು ಹೇಳಲಾರೆ. ಈ ಕಟ್ಟಡದ ಹೆಂಗಸರು ಅವನ ಹೆಸರು ಕೇಳಿ, ನಂಬಿ, ಮಕ್ಕಳ ನಾಡಿ ತೋರಿಸಲು ನನ್ನ ಬಳಿ ಬರುತ್ತಿದ್ದರು — ಆ ಗತ್ತು ನನಗೆ ಬೇಕಿತ್ತು. ಅಷ್ಟೇ.

"ಈಗ ಎಂತಕ್ಕಮ್ಮ ಇದೆಲ್ಲ, ಸುಮ್ನಿರಿ" ಎನ್ನುತ್ತಾನೆ ನಿನ್ನ ಅಪ್ಪ. ಸುಮ್ಮನಿದ್ದದ್ದಕ್ಕೇ ಅಲ್ಲವೇ ಇಷ್ಟಾದದ್ದು? ವಯಸ್ಸಾಯಿತು, ಪಾಪ ಮುದುಕಿ ಎಂದು ಯಾರೂ ನನ್ನನ್ನು ಬಿಡಬೇಕಾಗಿಲ್ಲ.

ನಿನ್ನೆ ಮೇಲಿನ ಮನೆಯ ಲೀನಾ ಜ್ವರದ ಮಗುವನ್ನು ತಂದಳು. ಕೈ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ — ಅವನದ್ದೂ, ನನ್ನದೂ. ಅವಳು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಹೋಗಲಿ. ನೀನೂ ಹೋಗಬಹುದು, ತಡೆಯುವುದಿಲ್ಲ. ಆದರೆ ಒಮ್ಮೆ ಪೆನ್ನು ಹಿಡಿದು ಬಾ — ಆ ಓಲೆ ಮಾತು ಮಾತಾಗಿ ನನಗೆ ಬಾಯಿಪಾಠ. ಬರೆದುಕೋ. ಕೆಳಗೆ ಸುಟ್ಟವಳ ಹೆಸರನ್ನೂ ಹಾಕು, ಪೂರ್ತಿಯಾಗಿ.